ಮೋಟಾರ್ ಕಾರ್ಟೆಕ್ಸಿನ ‘ತಡೆ’ ಅಳೆಯುವುದು ಹೇಗೆ: ಟಿಎಂಎಸ್ ಪ್ರಯೋಗಕ್ಕೊಂದು ಮಾರ್ಗದರ್ಶಿ

ಹೆಬ್ಬೆರಳನ್ನು ತೋರುಬೆರಳಿನ ಪಕ್ಕಕ್ಕೆ ಬಿಗಿಯಾಗಿ ಒತ್ತಿ ನೋಡಿ. ಅವೆರಡರ ನಡುವೆ, ಅಂಗೈಯ ಹಿಂಬದಿಯಲ್ಲಿ, ಸಣ್ಣದೊಂದು ಸ್ನಾಯು ಗುಬ್ಬಚ್ಚಿ ಮೊಟ್ಟೆಯಂತೆ ಉಬ್ಬಿ ನಿಲ್ಲುತ್ತದೆ. ಇದೇ ಫಸ್ಟ್ ಡಾರ್ಸಲ್ ಇಂಟರಾಸಿಯಸ್, ಪ್ರಯೋಗಶಾಲೆಯ ಮಾತಿನಲ್ಲಿ ಎಫ್‌ಡಿಐ. ಮೆದುಳಿನ ಮೇಲ್ಪದರದಲ್ಲಿ ಚಲನೆಯನ್ನು ತಡೆದು ಹಿಡಿಯುವ ಶಕ್ತಿ ಎಷ್ಟಿದೆ ಎಂಬುದನ್ನು ಟಿಎಂಎಸ್, ಅಂದರೆ ತಲೆಬುರುಡೆಯ ಹೊರಗಿನಿಂದ ಕೊಡುವ ಕಾಂತೀಯ ಪ್ರಚೋದನೆ, ಈ ಪುಟ್ಟ ಸ್ನಾಯುವಿನ ಮೂಲಕವೇ ಓದುತ್ತದೆ. ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಈ ಯಂತ್ರವನ್ನು ಮೊದಲು ತೋರಿಸಿದರು. ತಡೆಯನ್ನು ಅಳೆಯುವ ಜೋಡಿ ಪಲ್ಸ್ ವಿಧಾನವನ್ನು ಕುಜಿರಾಯಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಇಂದಿಗೂ ನಾವು ಮಾಡುವುದು ಬಹುಮಟ್ಟಿಗೆ ಅದನ್ನೇ.

ನರವಿಜ್ಞಾನ, ಮನೋವೈದ್ಯಶಾಸ್ತ್ರ, ಫಿಸಿಯೋಥೆರಪಿ ವಿಭಾಗಗಳಲ್ಲಿ ಪ್ರಬಂಧಕ್ಕಾಗಿ ಈ ಅಳತೆಗೆ ಕೈ ಹಾಕುವವರಿಗಾಗಿ ಈ ಬರಹ. ಪ್ರಶ್ನೆ ಸರಳ: ಪುನರಾವರ್ತಿತ ಕಾಂತೀಯ ಪ್ರಚೋದನೆ ಕೊಟ್ಟಮೇಲೆ ಮೋಟಾರ್ ಕಾರ್ಟೆಕ್ಸಿನ, ಅಂದರೆ ಚಲನೆಯನ್ನು ನಡೆಸುವ ಆ ಮೇಲ್ಪದರದ, ತಡೆ ಹೆಚ್ಚಿತೇ, ಇಳಿಯಿತೇ? ಉತ್ತರ ಕೊಡುವುದು ಮಾತ್ರ ಸರಳವಲ್ಲ. ಅಳತೆ ತಪ್ಪಿದರೆ, ತಡೆ ಕಿಂಚಿತ್ತೂ ಬದಲಾಗದಿದ್ದರೂ ಬದಲಾದಂತೆ ಕಾಣುತ್ತದೆ. ಅದು ಹೇಗೆಂದು ಮುಂದೆ ಲೆಕ್ಕ ಹಾಕಿಯೇ ತೋರಿಸಿದೆ.

ತಡೆ ಅಂದರೇನು

ಕಾಯಿಲ್‌ನಿಂದ, ಅಂದರೆ ತಲೆಯ ಮೇಲೆ ಹಿಡಿಯುವ ತಂತಿಯ ಸುರುಳಿಯಿಂದ, ಹೊರಟ ಒಂದು ಬಲವಾದ ಪಲ್ಸ್ ಕಾರ್ಟೆಕ್ಸಿನ ನರಕೋಶಗಳನ್ನು ಎಬ್ಬಿಸುತ್ತದೆ. ಅಲ್ಲಿಂದ ಬೆನ್ನುಹುರಿಗೆ ಒಂದಾದ ಮೇಲೊಂದು ಅಲೆಗಳು ಇಳಿಯುತ್ತವೆ. ಇವುಗಳ ಹೆಸರು ಐ-ಅಲೆಗಳು, ನಡುವಿನ ಅಂತರ ಸುಮಾರು 1.5 ಮಿಲಿಸೆಕೆಂಡ್. ಅವೆಲ್ಲ ಸೇರಿ ಸ್ನಾಯುವಿನಲ್ಲಿ ಒಂದು ಮಿಂಚಿನಂಥ ಸೆಳೆತ ಹುಟ್ಟಿಸುತ್ತವೆ. ಅದರ ವಿದ್ಯುತ್ ಗುರುತೇ ಎಂಇಪಿ. ಕೈಯ ಸ್ನಾಯುವಿನಲ್ಲಿ ಇದು ಪಲ್ಸ್ ಕೊಟ್ಟ ಸುಮಾರು 20ರಿಂದ 23 ಮಿಲಿಸೆಕೆಂಡ್ ನಂತರ ಕಾಣಿಸಿಕೊಳ್ಳುತ್ತದೆ.

ಈ ಪಲ್ಸ್‌ಗಿಂತ 1ರಿಂದ 6 ಮಿಲಿಸೆಕೆಂಡ್ ಮೊದಲು ಇನ್ನೊಂದು ದುರ್ಬಲ ಪಲ್ಸ್ ಕೊಡಿ. ಅದೊಂದನ್ನೇ ಕೊಟ್ಟರೆ ಬೆರಳು ಕದಲುವುದೂ ಇಲ್ಲ. ಆದರೆ ತಡೆಯುವ ಒಳನರಕೋಶಗಳಿಗೆ ಅಷ್ಟು ಸಾಕು, ಅವು ಬೇಗನೆ ಎಚ್ಚರಗೊಳ್ಳುವ ಜಾತಿಯವು. ಅವು ಗಾಬಾ ಎಂಬ ರಾಸಾಯನಿಕವನ್ನು ಬಿಡುತ್ತವೆ, ಎರಡನೇ ಪಲ್ಸ್‌ನ ಎಂಇಪಿ ಕುಗ್ಗುತ್ತದೆ. ಇದಕ್ಕೆ ಎಸ್‌ಐಸಿಐ, ಅಂದರೆ ಅಲ್ಪಾಂತರದ ಕಾರ್ಟೆಕ್ಸ್ ಒಳತಡೆ ಎಂದು ಹೆಸರು. ಬೆನ್ನುಹುರಿಯ ಹೊರಪದರದ ಮೇಲೆ ಎಲೆಕ್ಟ್ರೋಡ್ ಇದ್ದ ರೋಗಿಗಳಲ್ಲಿ ನೋಡಿದಾಗ ಮೊದಲ ಐ-ಅಲೆ ಹಾಗೆಯೇ ಉಳಿದು, ತಡವಾಗಿ ಬರುವ ಅಲೆಗಳು ಮಾತ್ರ ಕುಗ್ಗಿದ್ದು ಕಂಡಿತು. ಈ ಸಂಗತಿ ನೆನಪಿರಲಿ, ಮುಂದಿನ ಲೆಕ್ಕ ನಿಂತಿರುವುದೇ ಇದರ ಮೇಲೆ.

ಎಸ್‌ಐಸಿಐ ಗಾಬಾ-ಎ ಗ್ರಾಹಕಗಳ ಕೆಲಸ. ಲೊರಾಜೆಪಾಮ್‌ನಂಥ ಔಷಧಿ ಇದನ್ನು ಗಾಢವಾಗಿಸುತ್ತದೆ. ನಿದ್ದೆ ಮಾತ್ರೆ ಜೋಲ್ಪಿಡೆಮ್ ಮಾತ್ರ ಹಾಗೆ ಮಾಡುವುದಿಲ್ಲ, ಏಕೆಂದರೆ ಅದು ಹಿಡಿಯುವುದು ಬೇರೆ ಉಪಜಾತಿಯ ಗ್ರಾಹಕವನ್ನು. ದೀರ್ಘಾಂತರದ ತಡೆ, ಅಂದರೆ ಎಲ್‌ಐಸಿಐ, ಮತ್ತು ಸಿಎಸ್‌ಪಿ ಎಂಬ ಮೌನಾವಧಿ ಇವೆರಡೂ ಮುಖ್ಯವಾಗಿ ಗಾಬಾ-ಬಿ ಕಡೆಯವು. ಟಯಾಗಬೀನ್ ಎಂಬ ಮೂರ್ಛೆರೋಗದ ಔಷಧಿ ಕೊಟ್ಟರೆ ಎಲ್‌ಐಸಿಐ ಮತ್ತು ಸಿಎಸ್‌ಪಿ ಹೆಚ್ಚುತ್ತವೆ, ಎಸ್‌ಐಸಿಐ ಇಳಿಯುತ್ತದೆ. ಹಾಗಾಗಿ ‘ತಡೆ ಕಡಿಮೆಯಾಯಿತು’ ಎಂದಷ್ಟೇ ಬರೆದರೆ ಅದಕ್ಕೆ ಅರ್ಥವಿಲ್ಲ. ಯಾವ ತಡೆ ಎಂದು ಹೇಳಲೇಬೇಕು.

ಕೂರಿಸುವ ಮೊದಲು

ಸುರಕ್ಷತಾ ಪ್ರಶ್ನಾವಳಿಯನ್ನು ನೀವೇ ಓದಿ ಹೇಳಿ ಉತ್ತರ ಪಡೆಯಿರಿ, ಕೈಗೆ ಕೊಟ್ಟು ತುಂಬಿಸಬೇಡಿ. ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನೊಳಗೆ ಇಟ್ಟ ಎಲೆಕ್ಟ್ರೋಡ್, ತಲೆಯೊಳಗಿನ ಲೋಹದ ಕ್ಲಿಪ್ ಇದ್ದವರನ್ನು ಕೂರಿಸುವಂತಿಲ್ಲ. ಪೇಸ್‌ಮೇಕರ್ ಇದ್ದರೆ ವೈದ್ಯರ ತೀರ್ಮಾನವಿಲ್ಲದೆ ಮುಂದುವರಿಯಬೇಡಿ. ಮೂರ್ಛೆರೋಗದ ಹಿನ್ನೆಲೆ, ಹಿಂದಿನ ತಲೆಪೆಟ್ಟು, ಬ್ಯುಪ್ರೊಪಿಯಾನ್ ಅಥವಾ ಕ್ಲೋಜಪಿನ್‌ನಂತೆ ಸೆಳವಿನ ಅಪಾಯ ಹೆಚ್ಚಿಸುವ ಔಷಧಿ, ಇತ್ತೀಚೆಗೆ ಕುಡಿತ ಬಿಟ್ಟದ್ದು, ಹಿಂದಿನ ರಾತ್ರಿಯ ನಿದ್ದೆ, ಎಲ್ಲವನ್ನೂ ಕೇಳಿ. ಮನೋರೋಗ ವಿಭಾಗದಿಂದ ಬಂದವರಲ್ಲಿ ‘ರಾತ್ರಿ ಒಂದು ಚಿಕ್ಕ ಮಾತ್ರೆ’ ಎಂದರೆ ಅದು ಕ್ಲೊನಜೆಪಾಮ್ ಇರಬಹುದು. ಅದು ಬೆಂಜೋಡಯಜೆಪೈನ್ ಗುಂಪಿನ ಮಾತ್ರೆ, ನೀವು ಅಳೆಯಹೊರಟ ತಡೆಯನ್ನೇ ಹಿಗ್ಗಿಸುತ್ತದೆ. ಹೆಸರು ನೆನಪಿಲ್ಲವೆಂದರೆ ಚೀಟಿ ತರಿಸಿ ನೋಡಿ.

ಓಲೆ, ಮೂಗುತಿ, ಸರ, ಮುಡಿದ ಹೂವಿನಡಿಯ ಹೇರ್‌ಪಿನ್ ಎಲ್ಲ ತೆಗೆಸಿ. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬಾರದೆಂದು ಹಿಂದಿನ ದಿನವೇ ತಿಳಿಸಿ. ಎಣ್ಣೆಯ ಮೇಲೆ ಗುರುತು ನಿಲ್ಲುವುದಿಲ್ಲ, ಟೋಪಿ ಜಾರುತ್ತದೆ, ಕಾಯಿಲ್ ಅರ್ಧ ಸೆಂಟಿಮೀಟರ್ ಸರಿದರೂ ಅಳತೆ ಕೆಟ್ಟಿತು. ಕಿವಿಗೆ ಇಯರ್‌ಪ್ಲಗ್ ಕಡ್ಡಾಯ, ಕೂತವರಿಗೂ ಕಾಯಿಲ್ ಹಿಡಿದವರಿಗೂ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಚಕ್ರದ ಯಾವ ಹಂತವೆಂದು ಬರೆದಿಡಿ. ಪ್ರೊಜೆಸ್ಟರಾನ್ ಹೆಚ್ಚಿರುವ ಎರಡನೇ ಅರ್ಧದಲ್ಲಿ ಎಸ್‌ಐಸಿಐ ಹೆಚ್ಚಿರುವುದು ಕಂಡುಬಂದಿದೆ. ಒಬ್ಬರನ್ನೇ ಎರಡು ಸಲ ಅಳೆಯುವುದಿದ್ದರೆ ದಿನದ ಹೊತ್ತು ಒಂದೇ ಇರಲಿ, ನಡುವೆ ಕನಿಷ್ಠ ಒಂದು ವಾರ ಬಿಡಿ.

ಎಲೆಕ್ಟ್ರೋಡ್, ಹಾಟ್‌ಸ್ಪಾಟ್, ಮಿತಿ

ಎಫ್‌ಡಿಐ ಮೇಲಿನ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಸವೆತದ ಜೆಲ್‌ನಿಂದ ಹಗುರವಾಗಿ ಉಜ್ಜಿ. ಉಬ್ಬಿದ ಜಾಗದ ಮೇಲೆ ಒಂದು ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್, ತೋರುಬೆರಳಿನ ಬುಡದ ಗಿಣ್ಣಿನ ಮೇಲೆ ಎರಡನೆಯದು, ಮಣಿಕಟ್ಟಿನ ಮೂಳೆಯ ಮೇಲೆ ಗ್ರೌಂಡ್. ಇಂಪೀಡೆನ್ಸ್ 5 ಕಿಲೋಓಮ್‌ಗಿಂತ ಕೆಳಗಿರಲಿ. ಫಿಲ್ಟರ್ 20 ಹರ್ಟ್ಸ್‌ನಿಂದ 2 ಕಿಲೋಹರ್ಟ್ಸ್, ಸ್ಯಾಂಪ್ಲಿಂಗ್ 5 ಕಿಲೋಹರ್ಟ್ಸ್. ಪರದೆಯಲ್ಲಿ 50 ಹರ್ಟ್ಸ್ ಗುಂಯ್‌ಗುಡುವಿಕೆ ಕಂಡರೆ ಕೂಡಲೇ ನಾಚ್ ಫಿಲ್ಟರ್ ಒತ್ತಬೇಡಿ. ಅದು ಪಲ್ಸ್ ಬಿಟ್ಟ ವಿದ್ಯುತ್ ಕಲೆಯನ್ನು (ಆರ್ಟಿಫ್ಯಾಕ್ಟ್) ಎಳೆದು ಎಂಇಪಿಯ ಮೇಲೆ ಹರಡಿಬಿಡಬಹುದು. ಗ್ರೌಂಡ್ ಮತ್ತೆ ಅಂಟಿಸಿ, ಎರಡೂ ವೈರುಗಳನ್ನು ಹೆಣೆದು ಹಿಡಿಯಿರಿ, ಕಾಯಿಲ್‌ನ ಕೇಬಲ್ ಅವುಗಳ ಮೇಲೆ ಹಾಯದಂತೆ ನೋಡಿಕೊಳ್ಳಿ, ಫೋನ್ ಚಾರ್ಜರ್ ಕಿತ್ತುಹಾಕಿ. ಹೆಚ್ಚಿನ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಕೈ ದಿಂಬಿನ ಮೇಲೆ ಸಡಿಲವಾಗಿ ಬಿದ್ದಿರಲಿ. ಕಣ್ಣು ತೆರೆದಿರಲಿ, ಮಾತು ಬೇಡ. ಸ್ನಾಯು ಕೊಂಚ ಬಿಗಿದರೂ ಎಸ್‌ಐಸಿಐ ಇಳಿಯುತ್ತದೆ, ಆದ್ದರಿಂದ ಇಎಂಜಿ ಗೆರೆಯನ್ನು, ಅಂದರೆ ಸ್ನಾಯುವಿನ ವಿದ್ಯುತ್ ಚಟುವಟಿಕೆಯ ಗೆರೆಯನ್ನು, 50 ಮೈಕ್ರೊವೋಲ್ಟ್ ಪ್ರತಿ ಮನೆಗೆ ಹಿಗ್ಗಿಸಿ ಸದಾ ಕಣ್ಣಿಡಿ. ‘ಕೈ ಸಡಿಲ ಬಿಡಿ’ ಎಂದು ಹತ್ತು ಸಲ ಹೇಳುವುದಕ್ಕಿಂತ, ಆ ಗೆರೆಯನ್ನು ಅವರಿಗೇ ತೋರಿಸಿ ‘ಇದು ಚಪ್ಪಟೆಯಾಗಬೇಕು’ ಎನ್ನುವುದು ಫಲ ಕೊಡುತ್ತದೆ.

ಕಾಯಿಲ್ ಎಂಟರ ಆಕಾರದ್ದು, 70 ಮಿಲಿಮೀಟರ್. ನೆತ್ತಿಯ ನಟ್ಟನಡುವಿನಿಂದ ಕಿವಿಯ ಕಡೆಗೆ ಸುಮಾರು 5 ಸೆಂಟಿಮೀಟರ್ ಇಳಿದರೆ ಕೈಯ ಜಾಗ ಸಿಗುತ್ತದೆ. ಬಲಗೈ ಅಳೆಯಬೇಕಿದ್ದರೆ ಎಡಬದಿ. ಹಿಡಿಕೆ ಹಿಂದಕ್ಕೂ ಹೊರಕ್ಕೂ ತಿರುಗಿ, ತಲೆಯ ನಡುಗೆರೆಗೆ 45 ಡಿಗ್ರಿ ಕೋನದಲ್ಲಿರಬೇಕು. ಆಗ ಮೆದುಳಿನಲ್ಲಿ ಹುಟ್ಟುವ ವಿದ್ಯುತ್ ಹಿಂದಿನಿಂದ ಮುಂದಕ್ಕೆ, ನಡುಸೀಳಿಗೆ (ಸೆಂಟ್ರಲ್ ಸಲ್ಕಸ್) ಅಡ್ಡಲಾಗಿ ಹರಿಯುತ್ತದೆ. ಮಿತಿಗಿಂತ ತುಸು ಮೇಲಿನ ಬಲದಲ್ಲಿ, ಒಂದೊಂದು ಸೆಂಟಿಮೀಟರ್ ಸರಿಸುತ್ತ, ಅತಿ ದೊಡ್ಡ ಎಂಇಪಿ ಪದೇಪದೇ ಬರುವ ಜಾಗ ಹುಡುಕಿ. ಅದೇ ಹಾಟ್‌ಸ್ಪಾಟ್. ಕಾಯಿಲ್‌ನ ಅಂಚನ್ನೂ ಹಿಡಿಕೆಯ ದಿಕ್ಕನ್ನೂ ಟೋಪಿಯ ಮೇಲೆ ಪೆನ್ನಿನಿಂದ ಬರೆಯಿರಿ. ಬರೀ ಚುಕ್ಕಿ ಇಟ್ಟರೆ ಕೋನ ಮರೆತುಹೋಗುತ್ತದೆ. ನ್ಯಾವಿಗೇಶನ್ ವ್ಯವಸ್ಥೆ ಇದ್ದರೆ ಬಳಸಿ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ವಿಶ್ರಾಂತಿ ಮಿತಿ, ಅಂದರೆ ಆರ್‌ಎಂಟಿ: 10 ಪಲ್ಸ್‌ಗಳಲ್ಲಿ ಕನಿಷ್ಠ 5 ಸಲ 50 ಮೈಕ್ರೊವೋಲ್ಟ್ ಅಥವಾ ಅದಕ್ಕಿಂತ ದೊಡ್ಡ ಎಂಇಪಿ ಬರುವ ಅತಿ ಕಡಿಮೆ ಬಲ. ಯಂತ್ರದ ಗರಿಷ್ಠ ಬಲದ ಒಂದೊಂದೇ ಶೇಕಡಾ ಇಳಿಸುತ್ತ ಹೋಗಿ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಜೋಡಿ ಪಲ್ಸ್‌ಗೆ ಎರಡು ಯಂತ್ರಗಳನ್ನು ಒಂದೇ ಕಾಯಿಲ್‌ಗೆ ಜೋಡಿಸುವ ಘಟಕ ಬೇಕು, ಆ ಪಲ್ಸ್ ಏಕಮುಖಿ (ಮೊನೊಫೇಸಿಕ್). ಪುನರಾವರ್ತಿತ ಪ್ರಚೋದನೆಯ ಯಂತ್ರದ ಪಲ್ಸ್ ಸಾಮಾನ್ಯವಾಗಿ ದ್ವಿಮುಖಿ. ಒಂದರಲ್ಲಿ ಕಂಡ 42% ಇನ್ನೊಂದರಲ್ಲಿ 42% ಅಲ್ಲ. ಪ್ರತಿ ಯಂತ್ರಕ್ಕೂ, ಪ್ರತಿ ಜೋಡಣೆಗೂ, ಪ್ರತಿ ಕಾಯಿಲ್‌ಗೂ ಮಿತಿಯನ್ನು ಬೇರೆಯಾಗಿಯೇ ಅಳೆಯಬೇಕು.

ಎಸ್‌ಐಸಿಐ ತೆಗೆಯುವುದು

ಮೊದಲು ಟೆಸ್ಟ್ ಪಲ್ಸ್‌ನ, ಅಂದರೆ ಜೋಡಿಯಲ್ಲಿ ಎರಡನೆಯದಾದ ಬಲವಾದ ಪಲ್ಸ್‌ನ, ಬಲ ನಿಗದಿಯಾಗಲಿ: ಸರಾಸರಿ 1 ಮಿಲಿವೋಲ್ಟ್ ಎಂಇಪಿ ಕೊಡುವಷ್ಟು. ಆರ್‌ಎಂಟಿ 42% ಇದ್ದವರಲ್ಲಿ ಇದು 50ರ ಆಸುಪಾಸು ಬರಬಹುದು. ಮುಂಚಿನ ಪಲ್ಸ್‌ನ ಬಲ ಆರ್‌ಎಂಟಿಯ 70ರಿಂದ 80%, ಅಂದರೆ ಇದೇ ವ್ಯಕ್ತಿಗೆ 29ರಿಂದ 34%. ಬಲ ಏರಿಸಿದಂತೆಲ್ಲ ತಡೆ ಹೆಚ್ಚುತ್ತ ಹೋಗುವುದಿಲ್ಲ. ಒಂದು ಹಂತದವರೆಗೆ ಆಳವಾಗಿ, ಆಮೇಲೆ ಮತ್ತೆ ಮೇಲೇಳುತ್ತದೆ, ಬಾವಿಯ ಆಕಾರದ ಗೆರೆ. ಮಿತಿಗೆ ಹತ್ತಿರವಾದಾಗ ಮುಂಚಿನ ಪಲ್ಸ್ ಉತ್ತೇಜಿಸುವ ಕೋಶಗಳನ್ನೂ ಎಬ್ಬಿಸುವುದೇ ಇದಕ್ಕೆ ಕಾರಣ.

ಅಂತರದ ಆಯ್ಕೆಯೂ ಯೋಚಿಸಿ ಆಗಬೇಕು. 1 ಮಿಲಿಸೆಕೆಂಡಿನಲ್ಲಿ ಕಾಣುವ ಕುಗ್ಗುವಿಕೆಯಲ್ಲಿ ನರತಂತುಗಳ ದಣಿವಿನ ಪಾಲೂ ಇದೆ, ಅದನ್ನು ಪೂರ್ತಿ ಗಾಬಾ ಲೆಕ್ಕಕ್ಕೆ ಬರೆಯಲಾಗದು. ಸುಮಾರು 1.1ರಿಂದ 1.5, 2.3ರಿಂದ 2.9, 4.1ರಿಂದ 4.5 ಮಿಲಿಸೆಕೆಂಡ್‌ಗಳಲ್ಲಿ ಜೋಡಿ ಪಲ್ಸ್‌ಗಳು ಪರಸ್ಪರ ಕೈಜೋಡಿಸಿ ಎಂಇಪಿಯನ್ನು ಹಿಗ್ಗಿಸುವ ಶಿಖರಗಳಿವೆ. ಮುಂಚಿನ ಪಲ್ಸ್ ಜೋರಾಗಿದ್ದರೆ ಈ ಹಿಗ್ಗುವಿಕೆ ತಡೆಯೊಳಗೆ ನುಸುಳುತ್ತದೆ. 2 ಮತ್ತು 3 ಮಿಲಿಸೆಕೆಂಡ್ ಆರಿಸಿ, ಮುಂಚಿನ ಪಲ್ಸನ್ನು 70%ರ ಹತ್ತಿರ ಇಟ್ಟರೆ ಈ ಕಲಬೆರಕೆ ಕಡಿಮೆ. ಉತ್ತೇಜನದ ಕಡೆಯನ್ನೂ ನೋಡಬೇಕೆಂದರೆ 12 ಮಿಲಿಸೆಕೆಂಡಿನ ಅಂತರ ಸೇರಿಸಿ. ಅಲ್ಲಿ ಎಂಇಪಿ ಕುಗ್ಗುವ ಬದಲು ಬೆಳೆಯುತ್ತದೆ.

ಟೆಸ್ಟ್ ಪಲ್ಸ್ ಮಾತ್ರ 20 ಸಲ, ಪ್ರತಿ ಅಂತರಕ್ಕೆ 20 ಸಲ, ಎಲ್ಲವೂ ಅಡ್ಡಾದಿಡ್ಡಿ ಕ್ರಮದಲ್ಲಿ ಬರಲಿ. ಎರಡು ಸಲಗಳ ನಡುವೆ 5ರಿಂದ 7 ಸೆಕೆಂಡ್, ಸಮಯ ಏರುಪೇರಾಗಿರಲಿ, ಇಲ್ಲವಾದರೆ ಕೂತವರು ಕಾದು ಕೂತು ಕೈ ಬಿಗಿಯುತ್ತಾರೆ. ನಾಲ್ಕು ಬಗೆಯ 80 ಸಲಗಳಿಗೆ ಸುಮಾರು 8 ನಿಮಿಷ ಹಿಡಿಯುತ್ತದೆ. ಹಿಂದಿನ ಅಧ್ಯಯನಗಳಲ್ಲಿ 10 ಸಲಕ್ಕೇ ನಿಲ್ಲಿಸಿದ್ದುಂಟು. ಎಂಇಪಿ ಒಂದು ಸಲಕ್ಕಿಂತ ಇನ್ನೊಂದು ಸಲಕ್ಕೆ ಎಷ್ಟು ಕುಣಿಯುತ್ತದೆಂದು ಒಮ್ಮೆ ನೋಡಿದವರು 10ಕ್ಕೆ ತೃಪ್ತರಾಗಲಾರರು. ಪಲ್ಸ್‌ಗೆ ಮೊದಲಿನ 100 ಮಿಲಿಸೆಕೆಂಡಿನಲ್ಲಿ ಸ್ನಾಯು ಚಟುವಟಿಕೆ ಕಂಡ ಸಲಗಳನ್ನು ಬಿಟ್ಟುಬಿಡಿ. ಎಷ್ಟು ಬಿಟ್ಟಿರೆಂದು ವರದಿಯಲ್ಲಿ ಬರೆಯಿರಿ.

ಫಲಿತಾಂಶ ಒಂದು ಅನುಪಾತ: ಜೋಡಿ ಪಲ್ಸ್‌ನ ಎಂಇಪಿಯನ್ನು ಒಂಟಿ ಪಲ್ಸ್‌ನದರಿಂದ ಭಾಗಿಸಿ 100ರಿಂದ ಗುಣಿಸಿದ್ದು. 40 ಬಂದರೆ ತಡೆ ಬಲವಾಗಿದೆ, 90 ಬಂದರೆ ಇಲ್ಲವೆನ್ನುವಷ್ಟು ಕಡಿಮೆ. ಸಂಖ್ಯೆ ಏರಿದರೆ ತಡೆ ಇಳಿದಂತೆ. ಪಟ್ಟಿ ತುಂಬುವಾಗ ಇದು ತಲೆಕೆಳಗಾಗದಂತೆ ಎಚ್ಚರ.

ಪ್ರಚೋದನೆ ಕೊಡುವುದು

1 ಹರ್ಟ್ಸ್ ವೇಗ ಸಾಮಾನ್ಯವಾಗಿ ಕಾರ್ಟೆಕ್ಸಿನ ಚುರುಕನ್ನು ತಗ್ಗಿಸುತ್ತದೆ, 5 ಹರ್ಟ್ಸ್ ಮತ್ತು ಮೇಲಿನದು ಹೆಚ್ಚಿಸುತ್ತದೆ. 2005ರಲ್ಲಿ ಹುವಾಂಗ್ ಮತ್ತು ಸಂಗಡಿಗರು ತಂದ ಥೀಟಾ ಬರ್ಸ್ಟ್ ಈಗ ಹೆಚ್ಚು ಬಳಕೆಯಲ್ಲಿದೆ. 50 ಹರ್ಟ್ಸ್‌ನಲ್ಲಿ ಮೂರು ಪಲ್ಸ್‌ಗಳ ಗುಚ್ಛ, 200 ಮಿಲಿಸೆಕೆಂಡಿಗೊಂದು ಗುಚ್ಛ. ನಿಲ್ಲಿಸದೆ ಕೊಟ್ಟರೆ 600 ಪಲ್ಸ್ 40 ಸೆಕೆಂಡಿನಲ್ಲಿ ಮುಗಿಯುತ್ತವೆ, ಅದು ಸಿಟಿಬಿಎಸ್. 2 ಸೆಕೆಂಡ್ ಕೊಟ್ಟು 8 ಸೆಕೆಂಡ್ ಬಿಟ್ಟು, ಹೀಗೆ 20 ಸುತ್ತು ಕೊಟ್ಟರೆ ಅದೇ 600 ಪಲ್ಸ್‌ಗೆ 3 ನಿಮಿಷದ ಮೇಲಾಗುತ್ತದೆ, ಅದು ಐಟಿಬಿಎಸ್. ಬಲ ಸಕ್ರಿಯ ಮಿತಿಯ 80%.

ಸಕ್ರಿಯ ಮಿತಿ ಅಳೆಯಲು ಸ್ನಾಯುವನ್ನು ಹಗುರವಾಗಿ, ಗರಿಷ್ಠ ಶಕ್ತಿಯ 10ರಿಂದ 20% ಒತ್ತಿ ಹಿಡಿದಿರಬೇಕು. ಒತ್ತಿದ ಬೆನ್ನಲ್ಲೇ ಸಿಟಿಬಿಎಸ್ ಕೊಟ್ಟರೆ ಪರಿಣಾಮದ ದಿಕ್ಕೇ ತಿರುಗಬಹುದು. ಹಾಗಾಗಿ ಈ ಮಿತಿಯನ್ನು ಆರಂಭದಲ್ಲೇ ಅಳೆದು ಮುಗಿಸಿ. ಆಮೇಲಿನ ವಿಶ್ರಾಂತಿಯ ಅಳತೆಗಳೆಲ್ಲ ಆಗುವಷ್ಟರಲ್ಲಿ ಕೈಗೆ ಬೇಕಾದ ಬಿಡುವು ಸಿಕ್ಕಿರುತ್ತದೆ. ಪ್ರಚೋದನೆಯ ಹೊತ್ತಿನಲ್ಲೂ ನಂತರವೂ ಆ ಕೈಯಲ್ಲಿ ಫೋನ್ ಹಿಡಿಯಬಾರದು, ನೀರಿನ ಬಾಟಲಿಯ ಮುಚ್ಚಳ ತಿರುಗಿಸಬಾರದು.

ಹೋಲಿಕೆಗೆ ಹುಸಿ ಪ್ರಚೋದನೆಯ ದಿನವೊಂದು ಇರಲೇಬೇಕು, ಸದ್ದು ಮತ್ತು ಚರ್ಮದ ತಟ್ಟುವಿಕೆ ಎರಡೂ ಇರುವ ಹುಸಿ ಕಾಯಿಲ್ ಆದರೆ ಒಳ್ಳೆಯದು. ಕಾಯಿಲ್ ಬಿಸಿಯಾಗಿ ಯಂತ್ರ ನಡುವೆ ನಿಂತರೆ ಆ ದಿನದ ದತ್ತಾಂಶ ಬಿಟ್ಟುಬಿಡಿ. ಉಳಿದ ಪಲ್ಸ್‌ಗಳನ್ನು ಆಮೇಲೆ ಕೊಟ್ಟು ಲೆಕ್ಕ ಸರಿತೂಗಿಸುವುದು ಸಲ್ಲದು.

ನಂತರದ ಅಳತೆ: ಎಲ್ಲ ಕೆಡುವುದು ಇಲ್ಲೇ

ಒಬ್ಬರನ್ನು ಊಹಿಸಿಕೊಳ್ಳಿ. ಸಿಟಿಬಿಎಸ್‌ಗೆ ಮೊದಲು 51% ಬಲದ ಒಂಟಿ ಟೆಸ್ಟ್ ಪಲ್ಸ್‌ಗೆ 1.0 ಮಿಲಿವೋಲ್ಟ್, ಜೋಡಿಗೆ 0.40. ಅನುಪಾತ 40. ಸಿಟಿಬಿಎಸ್ ಕೆಲಸ ಮಾಡಿತು, ಅದೇ 51%ಕ್ಕೆ ಈಗ ಒಂಟಿ ಪಲ್ಸ್ 0.60, ಜೋಡಿ 0.36. ಅನುಪಾತ 60. ‘ತಡೆ ಇಳಿಯಿತು’ ಎಂದು ಬರೆಯಲು ಕೈ ತುರಿಸುತ್ತದೆ.

ಬರೆಯಬೇಡಿ. ಎಂಇಪಿ ಚಿಕ್ಕದಾದಾಗ ಅದರಲ್ಲಿ ಮೊದಲ ಐ-ಅಲೆಯ ಪಾಲು ಹೆಚ್ಚಾಗಿರುತ್ತದೆ, ಎಸ್‌ಐಸಿಐ ಆ ಅಲೆಯನ್ನು ಮುಟ್ಟುವುದೇ ಇಲ್ಲ. ಕತ್ತರಿಸಬೇಕಾದ ತಡವಾದ ಅಲೆಗಳೇ ಕಡಿಮೆಯಿದ್ದರೆ ಕತ್ತರಿ ಎಷ್ಟು ಹರಿತವಾಗಿದ್ದರೇನು? ಈಗ ಟೆಸ್ಟ್ ಪಲ್ಸನ್ನು 55%ಕ್ಕೆ ಏರಿಸಿ ಒಂಟಿ ಎಂಇಪಿಯನ್ನು ಮತ್ತೆ 1.0ಕ್ಕೆ ತನ್ನಿ. ಜೋಡಿ 0.42 ಬಂತೆಂದರೆ ಅನುಪಾತ 42. ತಡೆ ಇದ್ದಲ್ಲೇ ಇದೆ, ಬದಲಾದದ್ದು ಕಾರ್ಟೆಕ್ಸಿನ ಒಟ್ಟಾರೆ ಚುರುಕು.

ಆದ್ದರಿಂದ ಕ್ರಮ ಹೀಗಿರಲಿ. ಪ್ರಚೋದನೆ ಮುಗಿದು 5 ನಿಮಿಷಕ್ಕೆ ಹಳೆಯ ಬಲದಲ್ಲೇ 20 ಒಂಟಿ ಪಲ್ಸ್. ಇದು ಚುರುಕಿನ ಅಳತೆ. ಆಮೇಲೆ 1 ಮಿಲಿವೋಲ್ಟ್‌ಗೆ ಬಲ ಸರಿಪಡಿಸಿ ಎಸ್‌ಐಸಿಐ. ಮುಂಚಿನ ಪಲ್ಸ್‌ನ ಬಲವನ್ನು ಮಾತ್ರ ಮೊದಲಿದ್ದಂತೆಯೇ ಬಿಡಿ. ಸಮಯ ಸಾಲದಿದ್ದರೆ ಅಂತರಗಳನ್ನು ಕಡಿಮೆ ಮಾಡಿ, ಸಲಗಳನ್ನು ಕಡಿಮೆ ಮಾಡಬೇಡಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು ಸಾಧ್ಯವಾದರೆ ಮುಂಚಿನ ಪಲ್ಸನ್ನು 50, 60, 70, 80, 90% ಎಂದು ಏರಿಸಿ ಆ ಬಾವಿಯ ಗೆರೆಯನ್ನೇ ಎಳೆಯಿರಿ. ಗೆರೆ 60 ಮತ್ತು 70ರಲ್ಲೂ ಮೇಲೆದ್ದಿದ್ದರೆ ತಡೆಯೇ ಕುಂದಿದೆ ಎನ್ನಲು ಆಧಾರವಿದೆ. 80–90ರಲ್ಲಿ ಮಾತ್ರ ಎದ್ದಿದ್ದರೆ ಉತ್ತೇಜನ ಹೆಚ್ಚಿದ್ದರ ಗುಮಾನಿ ಬಲವಾಗುತ್ತದೆ. ಒಂದೇ ಬಲದ ಒಂದೇ ಸಂಖ್ಯೆ ಈ ಎರಡನ್ನು ಬೇರ್ಪಡಿಸಲಾರದು.

ಎಲ್‌ಐಸಿಐಗೆ ಎರಡೂ ಪಲ್ಸ್ ಮಿತಿಯ ಮೇಲಿರುತ್ತವೆ: ಮೊದಲನೆಯದು ಆರ್‌ಎಂಟಿಯ 120%, 100 ಮಿಲಿಸೆಕೆಂಡ್ ಬಿಟ್ಟು 1 ಮಿಲಿವೋಲ್ಟಿನ ಟೆಸ್ಟ್ ಪಲ್ಸ್. ಸಿಎಸ್‌ಪಿ ಕಡೆಯಲ್ಲಿ ಬರಲಿ, ಏಕೆಂದರೆ ಅದಕ್ಕೆ ಕೈ ಒತ್ತಬೇಕು. ಗರಿಷ್ಠ ಶಕ್ತಿಯ 20% ಒತ್ತಿ ಹಿಡಿದಿರುವಾಗ ಆರ್‌ಎಂಟಿಯ 130% ಬಲದ 10ರಿಂದ 15 ಪಲ್ಸ್ ಕೊಡಿ. ಎಂಇಪಿ ಆದ ಕೂಡಲೇ ಸ್ನಾಯುವಿನ ಗದ್ದಲ ಒಮ್ಮೆಲೇ ನಿಂತು ಗೆರೆ ಸಪಾಟಾಗುತ್ತದೆ. ಅಷ್ಟು ಹೊತ್ತು ಕೂತವರು ಒತ್ತಬೇಕೆಂದುಕೊಂಡೇ ಇರುತ್ತಾರೆ, ಸ್ನಾಯುವಿಗೆ ಅಪ್ಪಣೆ ಮಾತ್ರ ಬಂದಿರುವುದಿಲ್ಲ. ಈ ಮೌನ 100ರಿಂದ 300 ಮಿಲಿಸೆಕೆಂಡ್ ಇರಬಹುದು. ಮೊದಲ 50 ಮಿಲಿಸೆಕೆಂಡಿನಷ್ಟರಲ್ಲಿ ಬೆನ್ನುಹುರಿಯ ಪಾಲಿದೆ, ನಂತರದ್ದು ಕಾರ್ಟೆಕ್ಸಿನದು. ‘ಪಲ್ಸ್ ಬಂದಮೇಲೂ ಒತ್ತುತ್ತಲೇ ಇರಿ’ ಎಂಬ ಸೂಚನೆ ಎಲ್ಲರಿಗೂ ಒಂದೇ ಮಾತಿನಲ್ಲಿ ಹೋಗಬೇಕು, ಸೂಚನೆ ಬದಲಾದರೆ ಅವಧಿಯೂ ಬದಲಾಗುತ್ತದೆ.

ಏನನ್ನು ನಿರೀಕ್ಷಿಸಬಹುದು

ಹುವಾಂಗ್ ಅವರ ಮೊದಲ ವರದಿಯಲ್ಲಿ ಸಿಟಿಬಿಎಸ್ ನಂತರ ಎಸ್‌ಐಸಿಐ ಇಳಿದಿತ್ತು, ಐಟಿಬಿಎಸ್ ನಂತರ ಏರಿತ್ತು. ಅದಕ್ಕೂ ಮೊದಲು, 2000ದಲ್ಲಿ, ಮಿತಿಯ ಕೆಳಗಿನ ಬಲದ 5 ಹರ್ಟ್ಸ್ ಪ್ರಚೋದನೆ ಎಸ್‌ಐಸಿಐಯನ್ನು ತಗ್ಗಿಸುತ್ತದೆಂದು ಪೈನ್‌ಮನ್ ಮತ್ತು ಸಂಗಡಿಗರು ತೋರಿಸಿದ್ದರು. ಆನಂತರದ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಎಂಇಪಿಯ ಮೇಲಿನ ಪರಿಣಾಮವೇ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬೇರೆ. 2013ರಲ್ಲಿ ಹಮಾದಾ ಮತ್ತು ಸಂಗಡಿಗರು ದೊಡ್ಡ ಗುಂಪೊಂದರಲ್ಲಿ ನೋಡಿದಾಗ ಥೀಟಾ ಬರ್ಸ್ಟ್‌ನ ಸರಾಸರಿ ಪರಿಣಾಮ ಕಾಣಲೇ ಇಲ್ಲ. ಯಾರಲ್ಲಿ ಯಾವ ಐ-ಅಲೆಗಳು ಸುಲಭವಾಗಿ ಏಳುತ್ತವೆ ಎಂಬುದರ ಮೇಲೆ ಫಲಿತಾಂಶದ ಏರುಪೇರು ನಿಂತಿತ್ತು. ಹಾಗಾಗಿ ಹತ್ತು ಜನರನ್ನು ಅಳೆದು ಸರಾಸರಿ ತೆಗೆಯುವ ಯೋಜನೆ ಬೇಡ, ಒಬ್ಬೊಬ್ಬರ ಗೆರೆಯನ್ನೂ ಚಿತ್ರದಲ್ಲಿ ತೋರಿಸಿ.

ರೋಗಿಗಳ ಅಳತೆಯಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಪಾರ್ಕಿನ್ಸನ್, ಡಿಸ್ಟೋನಿಯಾ (ಸ್ನಾಯು ತಾನಾಗಿ ತಿರುಚಿಕೊಳ್ಳುವ ಕಾಯಿಲೆ), ಎಎಲ್‌ಎಸ್ (ಚಲನೆಯ ನರಕೋಶಗಳು ನಶಿಸುವ ಕಾಯಿಲೆ), ಸ್ಕಿಜೋಫ್ರೇನಿಯಾ ಇವೆಲ್ಲದರಲ್ಲೂ ಎಸ್‌ಐಸಿಐ ಕಡಿಮೆಯಿರುವುದು ವರದಿಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸ್ಕಿಜೋಫ್ರೇನಿಯಾ ಇರುವವರ ಮೋಟಾರ್ ಕಾರ್ಟೆಕ್ಸಿನ ಮೇಲೆ ಟಿಎಂಎಸ್ ಅಧ್ಯಯನಗಳು ನಡೆದಿವೆ. ಇಷ್ಟು ಬೇರೆಬೇರೆ ಕಾಯಿಲೆಗಳಲ್ಲಿ ಇಳಿಯುವ ಸಂಖ್ಯೆಯಿಂದ ಒಬ್ಬ ರೋಗಿಯ ಕಾಯಿಲೆ ಇಂಥದ್ದೇ ಎಂದು ಹೇಳಲಾಗದು. ಎಎಲ್‌ಎಸ್‌ನಲ್ಲಿ ಸ್ನಾಯು ಸೊರಗಿ 1 ಮಿಲಿವೋಲ್ಟ್ ಎಂಇಪಿ ಬರುವುದೇ ಕಷ್ಟ. ಅಲ್ಲಿ ಲೆಕ್ಕವನ್ನು ತಿರುವಿಹಾಕಿ: ಎಂಇಪಿಯನ್ನು 0.2 ಮಿಲಿವೋಲ್ಟ್‌ಗೆ ಕಟ್ಟಿಹಾಕಿ, ಅಷ್ಟನ್ನು ಪಡೆಯಲು ಮುಂಚಿನ ಪಲ್ಸ್ ಇದ್ದಾಗ ಎಷ್ಟು ಹೆಚ್ಚು ಬಲ ಬೇಕಾಯಿತೆಂದು ಅಳೆಯಿರಿ. ಈ ಮಿತಿ ಹಿಂಬಾಲಿಸುವ ವಿಧಾನದಲ್ಲಿ ಎಂಇಪಿಯ ಗಾತ್ರ ಕುಣಿಯುವ ತೊಂದರೆ ಬಹಳಷ್ಟು ತಗ್ಗುತ್ತದೆ.

ವರದಿಯಲ್ಲಿ ಕಾಯಿಲ್‌ನ ಅಳತೆ, ಪಲ್ಸ್‌ನ ಬಗೆ, ವಿದ್ಯುತ್‌ನ ದಿಕ್ಕು, ಎರಡೂ ಪಲ್ಸ್‌ಗಳ ಬಲ, ಅಂತರ, ಸಲಗಳ ಎಣಿಕೆ ಇರಲಿ. ಜೊತೆಗೆ ಪ್ರಚೋದನೆಗೆ ಮೊದಲು ಮತ್ತು ನಂತರ ಒಂಟಿ ಎಂಇಪಿ ಎಷ್ಟು ಮಿಲಿವೋಲ್ಟ್ ಇತ್ತೆಂದು ಅನುಪಾತದ ಪಕ್ಕದ ಕಾಲಂನಲ್ಲೇ ಕೊಡಿ. ಓದುವವರು ಮೊದಲು ಹುಡುಕುವುದು ಆ ಕಾಲಂ.